ನೂರರಲ್ಲಿ ಒಂದೂ ಇಲ್ಲ

ಫೆಬ್ರವರಿ 11

ಮಗಳೇ,

ಹಲ್ಲುಜ್ಜುವ ಬ್ರಷ್ಷಿನ ಡಬ್ಬಿ ನಿನ್ನೆ ಮಧ್ಯಾಹ್ನ ಬಂದು ತಲುಪಿತು. ಅಂಚೆಯವನು ಅದನ್ನು ಅಲ್ಲಾಡಿಸಿ ನೋಡಿ, "ಏನಜ್ಜಾ, ಊರೂರಿಂದ ಬ್ರಷ್ ತರಿಸ್ತೀರಲ್ಲ, ಬಾಯಲ್ಲಿ ಹಲ್ಲು ಎಷ್ಟು ಉಳಿದಿವೆ?" ಎಂದ. ಒಳಗೆ ನನ್ನ ತಂಗಿಯ ರಕ್ತ ಇದೆ ಎಂದಿದ್ದರೆ ಮೆಟ್ಟಿಲ ಮೇಲೇ ಬಿಟ್ಟು ಓಡುತ್ತಿದ್ದ. ನಕ್ಕು ಬಾಗಿಲು ಹಾಕಿಕೊಂಡೆ.

ಒಳಗಿನ ಗಾಜಿನ ಪಟ್ಟಿ ಒಡೆದಿಲ್ಲ. ರಕ್ತ ಸವರಿದ್ದು ಬಹಳ ಚೆನ್ನಾಗಿದೆ. ಪುಸ್ತಕ ಕಟ್ಟುವವಳ ಕೈ, ಅಂಟು ಸವರಿ ಸವರಿ ಪಳಗಿದೆ. ನಮ್ಮ ನೆಂಟರಲ್ಲೆಲ್ಲ ಬೆರಳು ಚುಚ್ಚಿ, ಒಂದು ಹನಿ ತೆಗೆದು, ಇನ್ನೊಂದು ಗಾಜಿನಿಂದ ಹೀಗೆ ತೆಳ್ಳಗೆ ತಳ್ಳುವುದು ನಿನಗೊಬ್ಬಳಿಗೇ ಬಂದದ್ದು. ನಿನ್ನ ದೊಡ್ಡಪ್ಪನ ಮಗ ಕಳಿಸುವುದು ಬ್ರೆಡ್ಡಿಗೆ ಜಾಮು ಬಳಿದ ಹಾಗಿರುತ್ತದೆ. ಅದರಲ್ಲಿ ನಾನು ಏನು ಎಣಿಸಲಿ, ಅವನ ಸೋಮಾರಿತನವನ್ನೇ?

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿ ಪಕ್ಕ ಬಣ್ಣ ಹಾಕಿ ಒಣಗಿಸಿ ನನ್ನ ಹಳೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನನ್ನ ಎಣಿಕೆ ನಿನಗೆ ಗೊತ್ತಲ್ಲ. ಎರಡು ಬಟ್ಟಲು, ನೂರು ಅಂಗಿ ಗುಂಡಿ. ಕಾಣುವ ಒಂದೊಂದು ಬಿಳಿ ರಕ್ತಕಣಕ್ಕೆ ಒಂದೊಂದು ಗುಂಡಿ ಆ ಬಟ್ಟಲಿನಿಂದ ಈ ಬಟ್ಟಲಿಗೆ. ನೂರು ಮುಗಿದಾಗ ನಿನ್ನಮ್ಮನ ಲೆಕ್ಕದಲ್ಲಿ ಇಪ್ಪತ್ತೆಂಟು ಇಯೋಸಿನೋಫಿಲ್ ಸಿಕ್ಕವು. ಹೊಟ್ಟೆ ತುಂಬ ಕೆಂಪು ಕಾಳು ತುಂಬಿಕೊಂಡು ಕೂತಿರುತ್ತವಲ್ಲ, ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆ, ಅವೇ. ನಾಲ್ಕೋ ಐದೋ ಇದ್ದರೆ ಸರಿ ಎನ್ನುತ್ತದೆ ಪುಸ್ತಕ. ಆದರೆ ನಮ್ಮ ಮನೆಯವರ ರಕ್ತ ಆ ಪುಸ್ತಕ ಓದಿಲ್ಲ. ನನ್ನದೇ ಯಾವಾಗ ನೋಡಿದರೂ ಹದಿನೈದರ ಮೇಲೆ. ನಿನ್ನಮ್ಮನದು ಹನ್ನೊಂದು ವರ್ಷದಿಂದ ಇಪ್ಪತ್ತಕ್ಕೆ ಇಳಿದದ್ದೇ ಇಲ್ಲ. ವಂಶದ ಗುಣ. ಅದಕ್ಕೇ ತುರಿಕೆ, ಅದಕ್ಕೇ ಉಬ್ಬಸ.

ನಿಮ್ಮ ಬೀದಿಯ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟದ್ದು ಒಳ್ಳೆಯದಾಯಿತು. ಅದು ಈ ಕೆಂಪು ಕಾಳಿನವರನ್ನು ಗುಡಿಸಿ ಹಾಕುತ್ತದೆ. ಆಸ್ಪತ್ರೆಯ ರಕ್ತದ ಮೇಜಿನಲ್ಲಿ ನಲವತ್ತು ವರ್ಷ ಇದನ್ನೇ ನೋಡಿದವನು ನಾನು. ಎರಡು ವಾರ ಬಿಟ್ಟು ಇನ್ನೊಂದು ಗಾಜು ಕಳಿಸು. ಫೋನು ಮಾಡಬೇಡ, ನನ್ನ ಕಿವಿಗೆ ಬರೀ ಗುಂಯ್ ಎನ್ನುತ್ತದೆ.

ನಿನ್ನ
ಗಾಜಿನ ಮಾವ


ಫೆಬ್ರವರಿ 27

ಮಾವ,

ಗಾಜು ಇಟ್ಟಿದ್ದೇನೆ. ಈ ಸಲ ಅಮ್ಮ ಬೆರಳು ಕೊಡಲು ಹಟ ಮಾಡಿದರು. "ನಿಮ್ಮಾವನಿಗೆ ಕಿಟಕೀಲಿ ಕೂತು ನೋಡೋಕೆ ಬೇರೆ ಏನೂ ಇಲ್ವಾ? ಪೇಟೆ ಬೀದಿ ಇದೆಯಲ್ಲ" ಎಂದರು.

ಉಬ್ಬಸ ಕಡಿಮೆಯಾಗಿದೆ. ನಾಲ್ಕು ವರ್ಷದ ಮೇಲೆ ಮೊದಲ ಸಲ ಒಂದೇ ದಿಂಬಿಟ್ಟುಕೊಂಡು ಮಲಗುತ್ತಿದ್ದಾರೆ. ಅದೊಂದು ನೆಮ್ಮದಿ. ಆದರೆ ಹೊಟ್ಟೆ ಸರಿಯಿಲ್ಲ. ತಿಂದದ್ದೆಲ್ಲ ಎದೆಗೇ ಬಂದ ಹಾಗೆ ಆಗುತ್ತದಂತೆ. ಸೊಂಟದ ಹಿಂದೆ ಕೆಂಪಗೆ ಒಂದು ಗೆರೆ ಎದ್ದಿದೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ನೋಡಿದರೆ ಬೆರಳುದ್ದ ಇತ್ತು, ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಗೇಣುದ್ದ ಆಗಿತ್ತು. ಸಂಜೆಗೆ ಮಾಯ. ಹಿಂದೆಯೂ ಆಗಾಗ ಹೀಗೆ ಏಳುತ್ತಿತ್ತು, ಇಷ್ಟು ದೊಡ್ಡದಾಗಿ ಅಲ್ಲ.

ಮಾತ್ರೆ ಬೇಡ ಎನ್ನುತ್ತಿದ್ದಾರೆ. ಡಾಕ್ಟರು ಒಂದು ತಿಂಗಳು ಎಂದಿದ್ದರು, ಹೊಟ್ಟೆ ಕೆಟ್ಟರೆ ಬಂದು ತೋರಿಸಿ ಎಂದೂ ಹೇಳಿದ್ದರು. ಅಮ್ಮ ಅಲ್ಲಿಗೆ ಬರಲು ಒಪ್ಪುತ್ತಿಲ್ಲ. "ನಿಮ್ಮಾವ ಏನಂತಾನೆ ಕೇಳು, ಅವನು ಹೇಳಿದ ಹಾಗೆ ಮಾಡ್ತೀನಿ" ಅಂದರು. ಬೇಗ ಬರೆಯಿರಿ.

ನಿಮ್ಮ ಸೊಸೆ


ಮಾರ್ಚ್ 6

ಮಗಳೇ,

ಒಂದೂ ಇಲ್ಲ! ನೂರರಲ್ಲಿ ಒಂದೇ ಒಂದು ಕೆಂಪು ಕಾಳಿನ ಕಣ ಇಲ್ಲ. ನನ್ನ ಕಣ್ಣೇ ಮೋಸ ಮಾಡುತ್ತಿದೆಯೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ಇನ್ನೂರು ಎಣಿಸಿದೆ. ಗುಂಡಿ ಸಾಲದೆ ಹಳೇ ಕೋಟಿನದೂ ಕಿತ್ತುಕೊಂಡೆ. ಒಂದೂ ಇಲ್ಲ. ತೊಳೆದಿಟ್ಟ ಹಲಗೆ.

ಇದನ್ನು ನೋಡಲು ನಾನು ಹನ್ನೊಂದು ವರ್ಷ ಕಾದಿದ್ದೆ. ಮಾತ್ರೆ ತನ್ನ ಕೆಲಸ ಮಾಡಿದೆ. ಈಗ ನಿಲ್ಲಿಸಿದರೆ ಎಲ್ಲ ಹಿಂದಕ್ಕೆ ಬರುತ್ತವೆ. ತಿಂಗಳು ಪೂರ್ತಿ ಮಾಡಿಸು, ಬೇಕಿದ್ದರೆ ಡಾಕ್ಟರನ್ನು ಕೇಳಿ ಇನ್ನೂ ಹದಿನೈದು ದಿನ ಮುಂದುವರಿಸು. ಹೊಟ್ಟೆ ಉರಿ ಆ ಮಾತ್ರೆಯ ಜೊತೆಗೆ ಬರುವಂಥದ್ದು, ಊಟವಾದ ಮೇಲೆ ಕೊಡು. ಗೆರೆಯ ವಿಷಯ ತಲೆಗೆ ಹಚ್ಚಿಕೊಳ್ಳಬೇಡ, ಪಿತ್ತದ ಗಂಧೆ ಇರಬೇಕು.

ಈ ಕೆಳಗಿನ ಸಾಲನ್ನು ನಿನ್ನಮ್ಮನಿಗೆ ಗಟ್ಟಿಯಾಗಿ ಓದಿ ಹೇಳು: ಏನೇ, ಬಾಯಿ ಮುಚ್ಚಿಕೊಂಡು ನುಂಗು. ನಾನು ನೋಡಿ ಹೇಳುತ್ತಿದ್ದೇನೆ.

ಬಹಳ ದಿನದ ಮೇಲೆ ಖುಷಿಯಲ್ಲಿರುವ,
ನಿನ್ನ ಮಾವ


ಮಾರ್ಚ್ 14

ಅಣ್ಣಾ,

ನಾನೇ ಬರೀತಾ ಇದೀನಿ, ಅಕ್ಷರ ನೋಡಿ ನಗಬೇಡ. ಮಗಳು ಕೆಲಸಕ್ಕೆ ಹೋಗಿದಾಳೆ.

ನಿನ್ನ ಕಾಗದ ಬರೋಕೆ ಮುಂಚೆ ಮೂರು ದಿನ ಮಾತ್ರೆ ಬಿಟ್ಟಿದ್ದೆ. ಅವಳ ಎದುರಿಗೆ ಬಾಯಿಗೆ ಹಾಕ್ಕೊಂಡು ಆಮೇಲೆ ಉಗುಳ್ತಿದ್ದೆ. ಹೊಟ್ಟೆ ಸ್ವಲ್ಪ ಸುಮ್ಮನಿತ್ತು. ನಿನ್ನ ಕಾಗದ ಓದಿದ ಮೇಲೆ ಮತ್ತೆ ಶುರು ಮಾಡಿದೀನಿ. ನೀನು ನೋಡಿ ಹೇಳಿದ ಮೇಲೆ ಇನ್ನೇನು. ಚಿಕ್ಕಂದಿನಲ್ಲೂ ಹಾಗೇ ತಾನೆ, ಹೆಂಚಿನ ಕಾರ್ಖಾನೆಯ ಹೊಂಡದಲ್ಲಿ ಎಲ್ಲಿ ಕಾಲಿಡಬೇಕು ಅಂತ ನೀನು ಮೊದಲು ಇಳಿದು ತೋರಿಸ್ತಿದ್ದೆ, ನಾನು ಹಿಂದೆ ಬರ್ತಿದ್ದೆ.

ಆದ್ರೂ ಒಂದು ಮಾತು. ಈ ಮೈ ನನ್ನದು ಅನ್ನಿಸ್ತಾ ಇಲ್ಲ. ಒಳಗೆ ಯಾರೋ ಓಡಾಡ್ತಿದಾರೆ. ಮಗಳಿಗೆ ಹೇಳಿದ್ರೆ ಹೆದರ್ತಾಳೆ. ನಿನ್ನ ಗಾಜಿನಲ್ಲಿ ಇದೆಲ್ಲ ಕಾಣಲ್ವಾ?

ಒಂದ್ಸಲ ಬಂದು ಹೋಗು. ಗಾಜು ನೋಡಿದ್ದು ಸಾಕು, ಮುಖ ನೋಡು.

ನಿನ್ನ ತಂಗಿ


ಏಪ್ರಿಲ್ 1

ಮಗಳೇ,

ನಿನ್ನಮ್ಮನ ಕಾಗದಕ್ಕೆ ಆ ವಾರವೇ ಉತ್ತರ ಹಾಕಿದ್ದೆ. ಬೇಸಿಗೆ ಕಳೆಯಲಿ, ಬರುತ್ತೇನೆ ಎಂದು ಬರೆದಿದ್ದೆ. ಒಳಗೆ ಓಡಾಡುವವರನ್ನು ನಾನು ಬಂದು ಹಿಡಿಯುತ್ತೇನೆ ಎಂದು ತಮಾಷೆಯನ್ನೂ ಮಾಡಿದ್ದೆ. ಅದಕ್ಕೆ ಉತ್ತರವಿಲ್ಲ. ನಿನ್ನಿಂದಲೂ ಒಂದು ತಿಂಗಳಿಂದ ಏನೂ ಇಲ್ಲ, ಗಾಜೂ ಇಲ್ಲ. ಕಟ್ಟುವ ಕೆಲಸ ಜಾಸ್ತಿ ಇದೆಯೇ? ಶಾಲೆ ಪುಸ್ತಕಗಳ ಕಾಲವಲ್ಲವೇ ಇದು.

ಎರಡು ಸಾಲು ಬರೆದರೂ ಸಾಕು.

ಮಾವ


ಏಪ್ರಿಲ್ 22

ಮಾವ,

ನಿಮ್ಮ ಒಂದನೇ ತಾರೀಕಿನ ಪತ್ರ ಬಂದಾಗ ಅಮ್ಮ ಆಸ್ಪತ್ರೆಯಲ್ಲಿದ್ದರು. ಮರುದಿನ ತೀರಿಹೋದರು. ಅಮ್ಮನನ್ನು ಕಳಿಸಿಕೊಟ್ಟ ದಿನ ನೀವು ಬಂದು ಅಂಗಳದ ಗೋಡೆ ಹಿಡಿದು ನಿಂತಿದ್ದಿರಿ. ನಾನು ಮಾತಾಡಿಸಲಿಲ್ಲ. ಹೊರಡುವಾಗ ತಲೆ ಮುಟ್ಟಲು ಬಂದಿರಿ, ನಾನು ಒಳಗೆ ಹೋದೆ. ಅದು ಬೇಕೆಂದೇ ಮಾಡಿದ್ದು. ಆಗ ನನಗೆ ಗೊತ್ತಾಗಿದ್ದ ವಿಷಯ ನಿಮಗೆ ಇನ್ನೂ ಗೊತ್ತಿರಲಿಲ್ಲ.

ಮಾರ್ಚ್ ಕೊನೆಗೆ ಕೆಮ್ಮು ಹೆಚ್ಚಿತು. ಆಮೇಲೆ ಜ್ವರ, ಕುತ್ತಿಗೆ ಬಗ್ಗಿಸಲಾಗದಷ್ಟು ನೋವು. ಹೊಟ್ಟೆಯ ಮೇಲೆ ಯಾರೋ ಹೆಬ್ಬೆರಳಿಗೆ ನೇರಳೆ ಶಾಯಿ ಹಚ್ಚಿ ಒತ್ತಿದ ಹಾಗೆ ಕಲೆಗಳು. ದೊಡ್ಡ ಆಸ್ಪತ್ರೆಯ ಎದೆ ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ನನಗಿಂತ ಚಿಕ್ಕವರು. ಅಮ್ಮನ ಕಫವನ್ನು ಅವರೇ ತೆಗೆದುಕೊಂಡು ಹೋಗಿ ನೋಡಿದರು. ಓಡುತ್ತಾ ಬಂದು ನನ್ನನ್ನು ಕೇಳಿದ ಮೊದಲ ಮಾತು: "ಇವರು ಯಾವಾಗಾದ್ರೂ ಬರಿಗಾಲಲ್ಲಿ ಒದ್ದೆ ಮಣ್ಣಲ್ಲಿ ಕೆಲಸ ಮಾಡ್ತಿದ್ರಾ?"

"ಹೆಂಚಿನ ಕಾರ್ಖಾನೇಲಿ ಮಣ್ಣು ತುಳೀತಿದ್ರು. ಅದು ಐವತ್ತು ವರ್ಷದ ಹಿಂದಿನ ಮಾತು."

"ಆಗ ಹೊಕ್ಕಿದ್ದು ಇನ್ನೂ ಇದೆ" ಎಂದರು.

ಕಫದಲ್ಲಿ ಹುಳುಗಳಿದ್ದವು ಮಾವ. ಕಣ್ಣಿಗೆ ಕಾಣದಷ್ಟು ಸಣ್ಣವು. ಪಾದದ ಚರ್ಮ ಕೊರೆದು ಒಳಗೆ ಹೋಗಿ, ಕರುಳಿನಲ್ಲಿ ಮನೆ ಮಾಡುತ್ತವಂತೆ. ಅವುಗಳ ಮರಿಗಳಲ್ಲಿ ಕೆಲವು ಹೊರಗೆ ಹೋಗದೆ ಅದೇ ಮೈಯನ್ನೇ ಮತ್ತೆ ಹೊಗುತ್ತವೆ, ಹಾಗಾಗಿ ಎಷ್ಟು ವರ್ಷವಾದರೂ ವಂಶ ಮುಗಿಯುವುದಿಲ್ಲ. ಸೊಂಟದ ಮೇಲೆ ಎದ್ದ ಗೆರೆ ಪಿತ್ತದ ಗಂಧೆಯಲ್ಲ. ಚರ್ಮದ ಕೆಳಗೆ ಮರಿಹುಳು ಹರಿದ ದಾರಿ ಅದು. ಅಮ್ಮನ ಮೈ ಅವುಗಳನ್ನು ಹೊರಗೆ ಹಾಕಲಾರದೆ ಇದ್ದರೂ ಹೆಚ್ಚದ ಹಾಗೆ ಹಿಡಿದಿಟ್ಟುಕೊಂಡಿತ್ತು. ಹಿಡಿದಿಟ್ಟವರಲ್ಲಿ ನಿಮ್ಮ ಕೆಂಪು ಕಾಳಿನ ಕಣಗಳೂ ಇದ್ದವು. ಸ್ಟೀರಾಯ್ಡ್ ಆ ಕಾವಲನ್ನು ತೆಗೆಯಿತು. ಹುಳುಗಳು ಸಾವಿರವಾಗಿ ಕರುಳು ಕೊರೆದು ಎಲ್ಲ ಕಡೆ ಹರಿದವು, ಕರುಳಿನ ಕೊಳೆಯನ್ನೂ ರಕ್ತಕ್ಕೆ ಹೊತ್ತು ತಂದವು. ಹುಳುವಿನ ಮಾತ್ರೆ ಕೊಟ್ಟರು. ತಡವಾಗಿತ್ತು.

ಆ ಡಾಕ್ಟರಮ್ಮ ಇದನ್ನು ಬೇರೆ ಡಾಕ್ಟರುಗಳಿಗೆ ತಿಳಿಯುವ ಹಾಗೆ ಬರೆಯಬೇಕು ಎನ್ನುತ್ತಿದ್ದಾರೆ. ನಿಮ್ಮ ಬಳಿ ಇರುವ ಹನ್ನೊಂದು ವರ್ಷದ ಗಾಜುಗಳು ಅವರಿಗೆ ಬೇಕು. ಯಾವ ದಿನ ಏನಾಯಿತು ಎಂದು ತಿಳಿಯಲು ನಮ್ಮ ಪತ್ರಗಳನ್ನೂ ಕೇಳಿದ್ದಾರೆ.

ನೀವು ಬರೆದದ್ದನ್ನೆಲ್ಲ ಅಮ್ಮ ನನ್ನ ಕೈಲಿ ವರ್ಷ ವರ್ಷಕ್ಕೆ ಹೊಲಿಸಿ ರಟ್ಟು ಹಾಕಿಸಿ ಇಡುತ್ತಿದ್ದರು. ಈ ವರ್ಷದ್ದನ್ನು ಅಮ್ಮ ಹೋದ ಮೇಲೆ ನಾನೇ ಹೊಲಿದೆ, ಬೇರೆ ಏನು ಮಾಡುವುದೆಂದು ತೋಚದೆ. ಅದರಲ್ಲಿ ಮಾರ್ಚ್ 6ರದ್ದೂ ಇದೆ. ಹೊಲಿಗೆ ಬಿಚ್ಚಿ ಆ ಒಂದು ಹಾಳೆ ತೆಗೆದರೆ ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಹೊಲಿಯಲು ನನಗೆ ಬರುತ್ತದೆ. ತೆಗೆಯಲೇ, ಹಾಗೇ ಕೊಡಲೇ? ನೀವೇ ಹೇಳಿ.

ಆ ಪತ್ರ ಗಟ್ಟಿಯಾಗಿ ಓದಿದವಳು ನಾನು. ಅಂದಿನಿಂದ ಅಮ್ಮ ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದೆ.

ಸೊಸೆ


ಏಪ್ರಿಲ್ 30

ಮಗಳೇ,

ನಿನ್ನ ಪ್ರಶ್ನೆಗೆ ಮೊದಲು "ತೆಗೆದುಬಿಡು" ಎಂದೇ ಬರೆದೆ. ಲಕೋಟೆಗೂ ಹಾಕಿದೆ. ಅಂಚೆ ಡಬ್ಬದವರೆಗೆ ಹೋಗಿ ವಾಪಸ್ಸು ಬಂದೆ. ಇದು ಎರಡನೆಯ ಸಲ ಬರೆಯುತ್ತಿರುವುದು.

ತೆಗೆಯಬೇಡ. ಇದ್ದ ಹಾಗೇ ಕೊಡು. "ಬಾಯಿ ಮುಚ್ಚಿಕೊಂಡು ನುಂಗು" ಎಂದದ್ದೂ ಇರಲಿ. ನಿನ್ನಮ್ಮ ಬರೆದ ಕಾಗದ ನನ್ನ ಹತ್ತಿರ ಇದೆ, ಅದನ್ನೂ ಇದರ ಜೊತೆ ಕಳಿಸುತ್ತಿದ್ದೇನೆ, ಸೇರಿಸಿ ಹೊಲಿ. ಅದನ್ನು ಓದುವಾಗ ಕೂತುಕೊಂಡು ಓದು. ಅವಳು ಮೂರು ದಿನ ಮಾತ್ರೆ ಉಗುಳುತ್ತಿದ್ದಳಂತೆ. ಯಾವ ಪುಸ್ತಕವನ್ನೂ ಓದದವಳಿಗೆ ಒಳಗಿನದು ತಿಳಿದಿತ್ತು. ನಾನು ಗಾಜು ನೋಡುತ್ತಿದ್ದೆ.

ನಿನ್ನ ಪತ್ರ ಬಂದ ಮೇಲೆ ಹಳೇ ಆಸ್ಪತ್ರೆಗೆ ಹೋಗಿದ್ದೆ. ನನ್ನ ಜಾಗದಲ್ಲಿ ಈಗ ಒಂದು ಯಂತ್ರ ಎಣಿಸುತ್ತದೆ. ಅಲ್ಲಿನ ವಾಚನಾಲಯದಲ್ಲಿ ಮೂರು ದಿನ ಕೂತೆ. ಇಂಗ್ಲಿಷಿನ ಪುಸ್ತಕ, ಒಂದು ಪುಟಕ್ಕೆ ಒಂದು ಗಂಟೆ. ಅರ್ಥವಾದಷ್ಟು ಹೇಳುತ್ತೇನೆ. ನಿನಗೆ ಬೇಡವೆನಿಸಿದರೆ ಈ ಭಾಗ ಬಿಟ್ಟು ಓದು.

ಹುಳು ಎನ್ನುವುದು ಜ್ವರದ ಕ್ರಿಮಿಯ ಹಾಗಲ್ಲ. ದೊಡ್ಡದು. ಯಾವ ಕಣವೂ ಅದನ್ನು ನುಂಗಲಾರದು. ಅದಕ್ಕೆ ಮೈ ಬೇರೆ ದಾರಿ ಹಿಡಿಯುತ್ತದೆ. ಟಿ ಕಣಗಳು ಎಂದು ಇವೆ, ಅವು ಮೇಸ್ತ್ರಿಗಳು. ಅವು ಕೂಗಿ ಕರೆದಾಗ ಕೆಂಪು ಕಾಳಿನ ಕಣಗಳು ಬಂದು ಮರಿಹುಳುಗಳಿಗೆ ಮುತ್ತಿ, ತಮ್ಮ ಕಾಳಿನ ವಿಷವನ್ನು ಅವುಗಳ ಮೇಲೆ ಸುರಿದು ಸಾಯುತ್ತವೆ. ಕರುಳು ಲೋಳೆ ಸುರಿಸಿ ಜಾರಿಸಲು ನೋಡುತ್ತದೆ. ಆದರೂ ಕೆಲವು ಹುಳು ಉಳಿದೇ ಉಳಿಯುತ್ತವೆ. ಈ ಜಗಳ ವರ್ಷಗಟ್ಟಲೆ ಪೂರ್ತಿ ಜೋರಿನಲ್ಲಿ ನಡೆದರೆ ಮನುಷ್ಯನ ಕರುಳೂ ಶ್ವಾಸಕೋಶವೂ ಹಾಳಾಗುತ್ತವೆ. ಆಗ ಮೇಸ್ತ್ರಿಗಳಲ್ಲೇ ಕೆಲವರು, ಸಮಾಧಾನದ ಸ್ವಭಾವದವರು, ಮುಂದೆ ಬಂದು "ಸಾಕು ಇಳಿಸಿ, ಇರೋವಷ್ಟು ಇರಲಿ, ಹೆಚ್ಚದ ಹಾಗೆ ನೋಡ್ಕೊಳ್ಳೋಣ" ಎನ್ನುತ್ತಾರೆ. ಹುಳುಗಳೂ ಏನೋ ರಸ ಬಿಟ್ಟು ಅವರ ಪಕ್ಷ ಬಲಪಡಿಸುತ್ತವೆ. ಹೀಗೆ ಒಂದು ರಾಜಿ. ನಿನ್ನಮ್ಮನ ಮೈಯೊಳಗೆ ಐವತ್ತು ವರ್ಷ ನಡೆದದ್ದು ಅದು. ಅವಳು ಮದುವೆಯಾದಳು, ನಿನ್ನನ್ನು ಹೆತ್ತಳು, ನಿನ್ನಪ್ಪ ಹೋದ ಮೇಲೆ ಒಬ್ಬಳೇ ಸಂಸಾರ ಎಳೆದಳು. ಅಷ್ಟು ಕಾಲವೂ ಆ ಇಪ್ಪತ್ತೆಂಟು ಮಂದಿ ಕಾಯುತ್ತಿದ್ದರು. ನಾನು ಅವರನ್ನು ರೋಗ ಎಂದು ಕರೆದೆ.

ಮಾತ್ರೆ ಬಂದು ಅವರನ್ನು ಕೊಂದಿತು. ಅಷ್ಟೇ ಅಲ್ಲ, ಮೇಸ್ತ್ರಿಗಳ ಬಾಯಿಗೂ ಬಟ್ಟೆ ತುರುಕಿತು. ನಾನು ಕಿಟಕಿ ಪಕ್ಕ ಕೂತು, ಒಂದೂ ಇಲ್ಲ ಎಂದು ಖುಷಿ ಪಟ್ಟೆ.

ಬೀದಿಯ ಡಾಕ್ಟರಿಗೆ ಗೊತ್ತಿರಲಿಲ್ಲ, ಸರಿ. ಅವರು ಅವಳ ರಕ್ತವನ್ನು ಒಮ್ಮೆಯೂ ನೋಡಿರಲಿಲ್ಲ. ಹನ್ನೊಂದು ವರ್ಷ ನೋಡಿದವನು ನಾನು. ನೀನು ಕೇಳಿಲ್ಲ, ಆದರೂ ಹೇಳಬೇಕು, ಯಾಕೆ ತಪ್ಪಿದೆ ಎಂದು. ಆಸ್ಪತ್ರೆಯಲ್ಲಿ ಮಲ ನೋಡುವ ಮೇಜು ಬೇರೆ, ರಕ್ತದ ಮೇಜು ಬೇರೆ. ಬಾಟಲಿ ತೊಳೆಯಲು ಸೇರಿದವನು ನಾನು, ರಕ್ತದ ಮೇಜಿಗೆ ಬಡ್ತಿ ಸಿಕ್ಕ ಮೇಲೆ ಆ ಕಡೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಯಾರದ್ದಾದರೂ ಹದಿನೈದು, ಇಪ್ಪತ್ತು ಬಂದರೆ ಬರೆದು ಕೊಡುತ್ತಿದ್ದೆ. ಯಾಕಿರಬಹುದು ಎಂದು ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ. ಮನೆಗೆ ಬಂದರೆ ನನ್ನದೂ ಹಾಗೇ, ತಂಗಿಯದೂ ಹಾಗೇ. ಇಬ್ಬರದೂ ಒಂದೇ ತರಹ ಇದ್ದರೆ ವಂಶ ಎಂದೆ. ಇಬ್ಬರೂ ಒಂದೇ ಹೊಂಡ ತುಳಿದವರು ಎಂಬುದು ಹೊಳೆಯಲಿಲ್ಲ. ಆ ಹೊಂಡದ ಮೇಲ್ಗಡೆಯೇ ಕೆಲಸದವರೆಲ್ಲ ಬಯಲಿಗೆ ಹೋಗುತ್ತಿದ್ದ ದಿಬ್ಬವಿತ್ತು. ಮಳೆ ಬಂದರೆ ಎಲ್ಲ ಇಳಿದು ಬಂದು ನಮ್ಮ ಮಣ್ಣಿಗೇ ಸೇರುತ್ತಿತ್ತು.

ಮೊದಲು ಕಾಲಿಟ್ಟವನು ನಾನೇ ಎಂದು ಅವಳು ಬರೆದಿದ್ದಾಳೆ, ನೋಡುತ್ತೀಯ.

ನೀನು ಓದಿದ್ದು ನನ್ನ ಮಾತು, ನೀನು ನಿಂತು ನುಂಗಿಸಿದ್ದು ನನ್ನ ಮಾತು. ಅದನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ. ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಮಾವ


ಜೂನ್ 19

ಮಾವ,

ಪತ್ರಗಳನ್ನು ಕೊಟ್ಟೆ. ಎಲ್ಲವನ್ನೂ.

ಉತ್ತರ ಬರೆಯಲು ಏಳು ವಾರ ಯಾಕಾಯಿತು ಎಂದರೆ ಬರೆಯುವ ಮನಸ್ಸಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಮ್ಮನ ಕಾಗದ ಕೂತುಕೊಂಡೇ ಓದಿದೆ. ಗಾಜು ನೋಡಿದ್ದು ಸಾಕು, ಮುಖ ನೋಡು ಎಂದು ಕರೆದಿದ್ದರಲ್ಲ. ಬೇಸಿಗೆ ಅಡ್ಡ ಬಂತೇ ನಿಮಗೆ?

ಡಾಕ್ಟರಮ್ಮ ನಿಮ್ಮ ಏಪ್ರಿಲ್ ಕೊನೆಯ ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಇವರದೂ ಹದಿನೈದು ಅಂದ್ರಲ್ಲ, ಇವರನ್ನ ಯಾರಾದ್ರೂ ಪರೀಕ್ಷೆ ಮಾಡಿದಾರಾ?" ಎಂದು ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆದಿತ್ತು, ಸುಮ್ಮನಿದ್ದೆ. ಯಾವುದು ಎಂದು ನನಗೇ ಗೊತ್ತಿಲ್ಲ.

ಬಂದು ತೋರಿಸಿಕೊಳ್ಳಿ. ಬುಧವಾರ ಅವರು ಸಿಗುತ್ತಾರೆ. ಹುಳುವಿನ ಮಾತ್ರೆ ಎರಡು ದಿನದ್ದು, ಎರಡು ವಾರ ಬಿಟ್ಟು ಮತ್ತೆ ಎರಡು ದಿನ, ಅಷ್ಟೇ. ಗಾಜಿನ ಪೆಟ್ಟಿಗೆಯನ್ನು ನೇರವಾಗಿ ಅವರ ಕೈಗೇ ಕೊಡಿ, ನನ್ನ ಮನೆಗೆ ತರಬೇಡಿ. ಬಸ್ಸಿಗೆ ನಾನು ಬರುವುದಿಲ್ಲ. ಬೇರೆ ಯಾರಾದರೂ ಕೆಮ್ಮಿಗೆ ಎಂದು ಸ್ಟೀರಾಯ್ಡ್ ಬರೆದುಕೊಟ್ಟರೆ ಮುಟ್ಟಬೇಡಿ.

ಇನ್ನೊಬ್ಬರನ್ನು ಹಾಗೆ ನೋಡಲು ನನ್ನಿಂದಾಗುವುದಿಲ್ಲ.

ಸೊಸೆ


ಅಕ್ಟೋಬರ್ 8

ಮಗಳೇ,

ಜುಲೈಯಲ್ಲಿ ಬಂದಾಗ ನಿನ್ನ ಮನೆಯ ಬೀದಿಯ ತುದಿಯವರೆಗೆ ನಡೆದು ಬಂದು ಹಿಂದಿರುಗಿದೆ. ನೀನು ಮನೆಗೆ ಬೇಡ ಎಂದಿದ್ದು ಗಾಜಿನ ಪೆಟ್ಟಿಗೆಗೆ ಮಾತ್ರವೋ ನನಗೂ ಸೇರಿತ್ತೋ ಎಂದು ತಿಳಿಯಲಿಲ್ಲ. ಅಂಗಡಿಯವನು "ಯಾರ ಮನೆ ಬೇಕಿತ್ತು ಯಜಮಾನ್ರೇ?" ಎಂದ. ಯಾರದೂ ಬೇಡ ಎಂದೆ.

ಡಾಕ್ಟರಮ್ಮನ ಕೋಣೆ ಎಷ್ಟು ಚಿಕ್ಕದು! ಮೇಜು, ಎರಡು ಕುರ್ಚಿ, ಸೂಕ್ಷ್ಮದರ್ಶಕ, ಮೂಲೆಯಲ್ಲಿ ಒಣಗುತ್ತಿರುವ ಕೊಡೆ. ನನ್ನ ಮಲದಲ್ಲಿ ನಾಲ್ಕು ದಿನ ಏನೂ ಸಿಗಲಿಲ್ಲ. ಐದನೆಯ ದಿನ ಒಂದು ಮರಿಹುಳು ಸಿಕ್ಕಿತು. "ಬನ್ನಿ, ಓಡಾಡ್ತಾ ಇದೆ ನೋಡಿ" ಎಂದು ಅವರು ಜಾಗ ಬಿಟ್ಟು ಎದ್ದರು. ನೋಡಿದೆ. ಬಹಳ ಚುರುಕು. ಇಂಥದ್ದರ ಜೊತೆ ಐವತ್ತು ವರ್ಷ ಉಂಡು ಮಲಗಿದ್ದೇನೆ, ಮುಖ ನೋಡಿದ್ದು ಈಗ. ಮಾತ್ರೆ ಅಲ್ಲೇ ನೀರು ತರಿಸಿ ನುಂಗಿದೆ. ಎರಡು ವಾರದ ಮೇಲೆ ಎರಡನೆಯ ಸಲದ್ದೂ ಆಯಿತು.

ಹೆಂಚಿನ ಕಾರ್ಖಾನೆಯಲ್ಲಿ ನಮ್ಮ ಜೊತೆ ತುಳಿದವರಲ್ಲಿ ಬದುಕಿರುವವರು ಐವರು ಸಿಕ್ಕಿದ್ದಾರೆ. ಅವರಲ್ಲಿ ಒಬ್ಬಾಕೆಗೆ ಮಂಡಿನೋವಿಗೆಂದು ಯಾರೋ ಸ್ಟೀರಾಯ್ಡ್ ಕೊಡುವವರಿದ್ದರು. ಮನೆಗೇ ಹೋಗಿ ಕೂತು ತಡೆದೆ. "ನೀನ್ಯಾವ ಸೀಮೆ ಡಾಕ್ಟರು?" ಎಂದು ಅವಳ ಮಗ ಬೈದ. ಡಾಕ್ಟರಲ್ಲಪ್ಪ, ಅದಕ್ಕೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂತಿದೀನಿ ಎಂದೆ. ಅವಳಿಗೂ ಹುಳು ಇತ್ತು. ಮಾತ್ರೆಯಾಗಿದೆ. ನೆಂಟರಿಗೆಲ್ಲ ಗಾಜು ಕಳಿಸಬೇಡಿ ಎಂದು ಬರೆದಿದ್ದೇನೆ. ನಿನ್ನ ದೊಡ್ಡಪ್ಪನ ಮಗ ಕೇಳಲಿಲ್ಲ, ಮೊನ್ನೆ ಒಂದು ಡಬ್ಬಿ ಬಂತು. ಬಿಚ್ಚದೆ ವಾಪಸ್ಸು ಮಾಡಿದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಬೇಸಿಗೆ ಅಡ್ಡ ಬರಲಿಲ್ಲ. ಗಾಜಿನಲ್ಲಿ ಎಲ್ಲ ಸರಿಯಿದೆ ಎಂದು ನನಗೆ ಅಷ್ಟು ಖಾತ್ರಿಯಿತ್ತು.

ನಿನ್ನೆ ಬುಧವಾರ ಮತ್ತೆ ಹೋಗಿದ್ದೆ. ನನ್ನ ರಕ್ತವನ್ನು ಡಾಕ್ಟರಮ್ಮ ತಾವೇ ಬಣ್ಣ ಹಾಕಿ ಎಣಿಸಿದರು. ನಾನು ಎದುರು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದೆ. ಮುಗಿಸಿ ತಲೆಯೆತ್ತಿ ನಕ್ಕರು. "ಹದಿನೇಳಿದ್ದದ್ದು ಮೂರಕ್ಕೆ ಇಳಿದಿದೆ. ನೀವೇ ಬಂದು ನೋಡ್ತೀರಾ?"

ನಾನು ಏಳಲಿಲ್ಲ. "ಯಾಕೆ ಇಳಿದಿದೆ?" ಎಂದು ಕೇಳಿದೆ.

ಮಾವ